ಒಂದು ಗೋಲಿನಿಂದ ಸೋತ ದಿನ ಫಾರ್ವರ್ಡ್‌ಗಳನ್ನು ಅಳೆಯುವುದು ಹೇಗೆ?

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. 2018ರ ಮಾರ್ಚ್ 17ರ ರಾತ್ರಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ 2–3ರಲ್ಲಿ ಸೋತಾಗ, ಕಂಠೀರವ ಕ್ರೀಡಾಂಗಣದಲ್ಲಿ ಇದ್ದವರು ಕೈ ಎತ್ತಿ. ಹತ್ತು ಹನ್ನೆರಡು ಕೈ ಕಾಣುತ್ತಿವೆ. ಹಾಗಾದರೆ ಪಂದ್ಯ ಮುಗಿಸಿಕೊಂಡು ಮನೆಗೆ ಹೋಗುವಾಗ ದಾರಿಯಲ್ಲಿ ಏನು ಮಾತಾಡಿಕೊಂಡಿರಿ ಅನ್ನುವುದೂ ನೆನಪಿರಬೇಕು. ನನಗೆ ನೆನಪಿದೆ. ನನ್ನ ಜೊತೆ ಬಂದಿದ್ದ ಗೆಳೆಯ, 'ಎರಡು ಗೋಲು ಹೊಡೆದಿದ್ದೇವಲ್ಲ, ಮುಂದಿನವರದ್ದು ಏನು ತಪ್ಪು? ಹಿಂದಿನವರು ಮುಳುಗಿಸಿದರು' ಅಂದ. ಇನ್ನೊಬ್ಬ, 'ಲೀಗಿನಲ್ಲಿ ಮೊದಲ ಸ್ಥಾನ ಪಡೆದ ತಂಡ ಫೈನಲ್‌ನಲ್ಲಿ ಎರಡೇ ಗೋಲು ಹೊಡೆಯೋದಾ?' ಅಂದ. ಇಬ್ಬರ ಕಣ್ಣೂ ಒಂದೇ ಸ್ಕೋರ್‌ಬೋರ್ಡಿನ ಮೇಲಿತ್ತು. ಒಬ್ಬನಿಗೆ ದಾಳಿ ಚೆನ್ನಾಗಿ ಕಂಡಿತು, ಇನ್ನೊಬ್ಬನಿಗೆ ಕೆಟ್ಟದಾಗಿ ಕಂಡಿತು.

ದೊಡ್ಡ ಅಂತರದಿಂದ ಸೋತಾಗ ಈ ತೊಂದರೆ ಇಲ್ಲ. ನಾಲ್ಕು, ಐದು ಗೋಲಿನಿಂದ ಸೋತರೆ ಎಲ್ಲವೂ ಕೆಟ್ಟಿದೆ ಅಂತ ಗೊತ್ತಾಗುತ್ತದೆ, ಸೋಮವಾರ ಬೆಳಿಗ್ಗೆ ಮೊದಲಿನಿಂದ ಶುರು ಮಾಡುತ್ತೇವೆ. ಕೂದಲೆಳೆಯ ಅಂತರದ ಸೋಲು ಹಾಗಲ್ಲ. 'ಅದೊಂದು ಚೆಂಡು ಕಂಬಕ್ಕೆ ತಗಲದೇ ಇದ್ದಿದ್ದರೆ' ಅನ್ನುವ ಒಂದು ವಾಕ್ಯದಲ್ಲಿ ತೊಂಬತ್ತು ನಿಮಿಷ ಕರಗಿಹೋಗುತ್ತದೆ. ಇಲ್ಲಿ ಕುಳಿತಿರುವ ಶಾಲಾ ಕೋಚ್‌ಗಳು, ಕಾಲೇಜು ತಂಡದ ಮಕ್ಕಳು, ಅಪ್ಪ ಅಮ್ಮಂದಿರು ಎಲ್ಲರೂ ಇಂಥ ಸೋಲನ್ನು ಕಂಡವರೇ. ಅಂಥ ಸೋಲಿನ ಮಾರನೆಯ ದಿನ ತಂಡದ ದಾಳಿಯನ್ನು, ಅಂದರೆ ಗೋಲು ಹೊಡೆಯಲು ಮುಂದೆ ಆಡುವ ಫಾರ್ವರ್ಡ್‌ಗಳ ಕೆಲಸವನ್ನು, ನ್ಯಾಯವಾಗಿ ತೂಗುವುದು ಹೇಗೆ ಅನ್ನುವುದಷ್ಟೇ ಇವತ್ತಿನ ನನ್ನ ಮಾತು.

ಆ ರಾತ್ರಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು ಎಫ್‌ಸಿಗೆ ಅದು ಐಎಸ್‌ಎಲ್‌ನ ಮೊದಲ ಋತು. ಲೀಗ್ ಹಂತದಲ್ಲಿ 18 ಪಂದ್ಯಗಳಿಂದ 40 ಅಂಕ. ಎರಡನೇ ಸ್ಥಾನದಲ್ಲಿದ್ದ ಚೆನ್ನೈಯಿನ್ ಎಫ್‌ಸಿಗೆ 32. ಫೈನಲ್ ನಮ್ಮ ಅಂಗಳದಲ್ಲೇ ಇತ್ತು. ಒಂಬತ್ತನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲಗಡೆಯಿಂದ ಓಡಿಬಂದು ಕ್ರಾಸ್ ಕೊಟ್ಟ, ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟ. ಗೋಲು. ಆಗ ಎದ್ದ ಸದ್ದು ಕಬ್ಬನ್ ಪಾರ್ಕಿನ ಮರಗಳಿಗೂ ಕೇಳಿಸಿರಬೇಕು. 17ನೇ ನಿಮಿಷದಲ್ಲಿ ಚೆನ್ನೈ ತಂಡದ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಹೊಡೆಯುವ ಕಿಕ್, ಮೈಲ್ಸನ್ ಆಲ್ವೆಸ್ ಹೆಡರ್, 1–1. 45ನೇ ನಿಮಿಷದಲ್ಲಿ ಮತ್ತೊಂದು ಕಾರ್ನರ್, ಮತ್ತೆ ಅದೇ ಆಲ್ವೆಸ್ ತಲೆ, 1–2. 67ನೇ ನಿಮಿಷದಲ್ಲಿ ಗೋಲಿನ ಮುಂದೆ ಗೆರೆ ಎಳೆದಿರುವ ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ರಾಫೆಲ್ ಅಗಸ್ಟೊ ಹೊಡೆದ, 1–3. ಕೊನೆಗೆ ಆಟ ನಿಂತದ್ದಕ್ಕೆ ಸೇರಿಸಿಕೊಡುವ ಇಂಜುರಿ ಟೈಮ್‌ನಲ್ಲಿ, 90 ಕಳೆದು ಎರಡನೇ ನಿಮಿಷಕ್ಕೆ, ಮಿಕು ಹೆಡರ್. 2–3. ಅಷ್ಟಕ್ಕೆ ಮುಗಿಯಿತು.

ಈಗ ಆ ಐದು ಗೋಲುಗಳನ್ನು ಪಕ್ಕಕ್ಕಿಡಿ, ಗಡಿಯಾರವನ್ನು ನೋಡಿ. ಪಂದ್ಯ 0–0 ಇದ್ದದ್ದು ಒಂಬತ್ತು ನಿಮಿಷ. ಬೆಂಗಳೂರು ಮುಂದಿದ್ದದ್ದು ಬರೀ ಎಂಟು ನಿಮಿಷ. 1–1ರಲ್ಲಿ ಇದ್ದದ್ದು 28 ನಿಮಿಷ. ಒಂದು ಗೋಲಿನಿಂದ ಹಿಂದಿದ್ದದ್ದು, ವಿರಾಮ ಬಿಟ್ಟು, 22 ನಿಮಿಷ. ಎರಡು ಗೋಲಿನಿಂದ ಹಿಂದಿದ್ದದ್ದು 25 ನಿಮಿಷ. ಒಂದೇ ಪಂದ್ಯ, ಆದರೆ ಒಳಗೆ ಐದು ಪಂದ್ಯಗಳಿವೆ. ಐದರಲ್ಲೂ ದಾಳಿಯ ಕೆಲಸ ಬೇರೆ ಬೇರೆ.

ಯಾಕೆ ಹೀಗೆ ಕತ್ತರಿಸಬೇಕು? ಹಿಂದೆ ಬಿದ್ದ ತಂಡ ಸಹಜವಾಗಿ ಹೆಚ್ಚು ಹೊಡೆಯುತ್ತದೆ. ಮುಂದಿರುವ ತಂಡ ಹಿಂದಕ್ಕೆ ಸರಿಯುತ್ತದೆ, ಚೆಂಡನ್ನು ಬಿಟ್ಟುಕೊಡುತ್ತದೆ, ತನ್ನ ಬಾಕ್ಸಿನ ಮುಂದೆ ಗೋಡೆ ಕಟ್ಟುತ್ತದೆ. ಹಿಂದಿರುವವರು ದೂರದಿಂದ ಹೊಡೆಯುತ್ತಾರೆ, ಎರಡೂ ಬದಿಯಿಂದ ಕ್ರಾಸ್ ಸುರಿಯುತ್ತಾರೆ. ಪಂದ್ಯ ಮುಗಿದ ಮೇಲೆ ಟಿವಿ ಪರದೆಯಲ್ಲಿ ಶಾಟ್‌ಗಳ ಲೆಕ್ಕ ಬಂದರೆ ಎಷ್ಟೋ ಸಲ ಸೋತವರದ್ದೇ ಜಾಸ್ತಿ ಇರುತ್ತದೆ. 'ಪಾಪ, ಎಷ್ಟು ಹೋರಾಡಿದರು, ಅದೃಷ್ಟ ಇರಲಿಲ್ಲ' ಅನ್ನುತ್ತೇವೆ. ಆ ಲೆಕ್ಕದಲ್ಲಿ ಬಹಳಷ್ಟು ಪಾಲು ಎದುರಾಳಿ ತಾನಾಗಿ ಬಿಟ್ಟುಕೊಟ್ಟದ್ದು. ಸ್ಕೋರ್ ಸಮವಾಗಿದ್ದಾಗ ನೀವು ಕಿತ್ತುಕೊಂಡ ಅವಕಾಶಕ್ಕೂ, ಎರಡು ಗೋಲು ಹಿಂದಿದ್ದಾಗ ಸಿಕ್ಕ ಅವಕಾಶಕ್ಕೂ ಒಂದೇ ಬೆಲೆ ಕಟ್ಟಬಾರದು.

ಹಾಗಂತ ಮಿಕು ಹೊಡೆದ ಗೋಲಿಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ಆ ಋತುವಿನಲ್ಲಿ ಮಿಕು 15 ಗೋಲು ಹೊಡೆದಿದ್ದ, ಚೆಟ್ರಿ 14. ಅಂಥ ಜೋಡಿ ಅದಕ್ಕೆ ಮೊದಲು ನಮಗೆ ಸಿಕ್ಕಿರಲಿಲ್ಲ. ಫೈನಲ್‌ನ ಎರಡೂ ಗೋಲು ಅವರಿಬ್ಬರದ್ದೇ. ಸೆಮಿಫೈನಲ್‌ನಲ್ಲಿ ಪುಣೆ ಸಿಟಿ ವಿರುದ್ಧ ಬಂದ ಮೂರೂ ಗೋಲು ಚೆಟ್ರಿಯವು. ಆದರೆ ಆ ರಾತ್ರಿಯ ದಾಳಿಯನ್ನು ಅಳೆಯುವಾಗ ಕೊನೆಯ ಗೋಲನ್ನು ತಕ್ಕಡಿಯಲ್ಲಿ ಹಗುರವಾಗಿ ಇಡುತ್ತೇನೆ, ಮೊದಲ ಗೋಲನ್ನು ಭಾರವಾಗಿ ಇಡುತ್ತೇನೆ. ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಆ 28 ನಿಮಿಷ. ಪಂದ್ಯ ಸಮವಾಗಿದೆ, ತುಂಬಿದ ಮೈದಾನ ನಮ್ಮದು, ಋತುವಿನ ಅತ್ಯುತ್ತಮ ಜೋಡಿ ಮುಂದಿದೆ. ಆ 28 ನಿಮಿಷದಲ್ಲಿ ಏನಾಯಿತು? ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಗೆದ್ದವರ ದಾಳಿಯನ್ನೂ ನೋಡಬೇಕು. ಚೆನ್ನೈ ಹೊಡೆದ ಮೂರರಲ್ಲಿ ಎರಡು ಗ್ರೆಗರಿ ನೆಲ್ಸನ್ ಹೊಡೆದ ಕಾರ್ನರ್‌ನಿಂದ, ಒಂದೇ ಆಟಗಾರನ ತಲೆಯಿಂದ. ನೂರು ಕಾರ್ನರ್ ಹೊಡೆದರೆ ಗೋಲಾಗುವುದು ಮೂರೋ ನಾಲ್ಕೋ. ಒಂದೇ ಅರ್ಧದಲ್ಲಿ ಎರಡು ಬಂತು ಅಂದರೆ ಕೆಲವರು ಅದೃಷ್ಟ ಅನ್ನಬಹುದು. ನಾನು ಅನ್ನುವುದಿಲ್ಲ. ಅದೇ ಕಾಲು, ಅದೇ ತಲೆ, ಎರಡು ಸಲ ಅಂದರೆ ಅಭ್ಯಾಸದ ಮೈದಾನದಲ್ಲಿ ಬೆವರು ಸುರಿಸಿದ್ದಾರೆ ಅಂತ ಅರ್ಥ. ಕಾರ್ನರ್ ಕೂಡ ದಾಳಿಯೇ. ನಾವು ಅದನ್ನು ಮಧ್ಯದಲ್ಲಿ ಬಂದ ಬಿಡುವು ಅನ್ನುವ ಹಾಗೆ ನೋಡುತ್ತೇವೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಸರಿ. ಈ ಊರಿನ ಫುಟ್‌ಬಾಲಿಗೂ ಕಾರ್ನರ್‌ಗೂ ಹಳೆಯ ಲೆಕ್ಕ ಇದೆ. 2015ರ ಮೇ 31, ಅದೇ ಕಂಠೀರವ, ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನ ಕೊನೆಯ ಪಂದ್ಯ. ಬೆಂಗಳೂರು ಗೆದ್ದರೆ ಪ್ರಶಸ್ತಿ, ಡ್ರಾ ಆದರೆ ಮೋಹನ್ ಬಾಗನ್‌ಗೆ. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಒಂದು ಕಾರ್ನರ್, ಬೆಲ್ಲೊ ರಜಾಕ್ ತಲೆ, 1–1. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ವರ್ಷದ ಮೇಲೆ ಆಲ್ವೆಸ್. ಆಮೇಲೆ ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17, ಅದೇ ತಾರೀಖು, ಮುಂಬೈಯಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷದವರೆಗೂ 0–0. ಆಗ ನಮಗೆ ಸಿಕ್ಕಿದ್ದು ಒಂದು ಕಾರ್ನರ್. ರಾಹುಲ್ ಭೆಕೆ ತಲೆ ಕೊಟ್ಟ, ಚೆಂಡು ಬಲೆಗೆ. ಯಾವ ಬಾಗಿಲಿಂದ ಎರಡು ಸಲ ಹೊಡೆತ ತಿಂದೆವೋ ಅದೇ ಬಾಗಿಲಿಂದ ಕಪ್ ಮನೆಗೆ ಬಂತು. ಇಲ್ಲಿರುವ ಕೋಚ್‌ಗಳನ್ನು ಕೇಳುತ್ತೇನೆ: ವಾರದಲ್ಲಿ ಎಷ್ಟು ಹೊತ್ತು ಕಾರ್ನರ್ ಅಭ್ಯಾಸ ಮಾಡಿಸುತ್ತೀರಿ?

ಈಗ ಎರಡನೇ ಅಳತೆಗೋಲು. ನಿಮ್ಮಲ್ಲಿ ಹುಡುಗರು 'ಎಕ್ಸ್‌ಜಿ', ಅಂದರೆ ಎಕ್ಸ್‌ಪೆಕ್ಟೆಡ್ ಗೋಲ್ಸ್, ಅನ್ನುವ ಪದ ಕೇಳಿರುತ್ತೀರಿ. ಹಿರಿಯರಿಗೆ ಅದು ಮಂತ್ರದ ಹಾಗೆ ಕೇಳಿಸಬಹುದು. ತುಂಬ ಸರಳ ಸಂಗತಿ. ಇಂಥ ಜಾಗದಿಂದ, ಇಂಥ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಹೊಡೆದ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾಗಿವೆ ಅಂತ ಎಣಿಸಿಟ್ಟಿದ್ದಾರೆ. ಆ ಲೆಕ್ಕದಿಂದ ನಿಮ್ಮ ಒಂದು ಹೊಡೆತಕ್ಕೆ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಸುಮಾರು ಮುಕ್ಕಾಲು ಗೋಲು. ಬಾಕ್ಸಿನ ಹೊರಗಿನ ಹೊಡೆತಕ್ಕೆ ನೂರಕ್ಕೆ ಮೂರು, ನಾಲ್ಕು. ಒಂದೇ ದೂರದಿಂದ ಕಾಲಿನ ಹೊಡೆತಕ್ಕಿಂತ ಹೆಡರ್ ಗೋಲಾಗುವುದು ಕಡಿಮೆ. ಅಷ್ಟೇ ಅದರ ಗುಟ್ಟು. ದಿನಸಿ ಅಂಗಡಿಯಲ್ಲಿ ಚೀಟಿ ಬರೆದ ಹಾಗೆ ಒಂದೊಂದನ್ನೂ ಬರೆದು ಕೂಡಿಸಿದರೆ, ಆ ದಿನ ನಿಮ್ಮ ದಾಳಿ ಎಷ್ಟು ಗೋಲಿನಷ್ಟು ಕೆಲಸ ಮಾಡಿತ್ತು ಅನ್ನುವುದು ಸಿಗುತ್ತದೆ.

ಇದರ ಶಕ್ತಿ ತೋರಿಸಲು ನಾನು ನಿಮ್ಮನ್ನು 1948ಕ್ಕೆ ಕರೆದೊಯ್ಯಬೇಕು. ಈ ಕಥೆ ನಮ್ಮ ಊರಿನ ಪ್ರತಿ ಫುಟ್‌ಬಾಲ್ ಹುಡುಗನಿಗೂ ಬಾಯಿಪಾಠ ಆಗಿರಬೇಕಿತ್ತು.

ಸ್ವಾತಂತ್ರ್ಯ ಬಂದು ಒಂದು ವರ್ಷವೂ ಆಗಿಲ್ಲ. ಲಂಡನ್ ಒಲಿಂಪಿಕ್ಸ್. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಭಾರತಕ್ಕೆ ಫ್ರಾನ್ಸ್ ಎದುರಾಳಿ. ನಮ್ಮವರಲ್ಲಿ ಬಹುತೇಕರು ಬರಿಗಾಲು, ಕೆಲವರ ಪಾದಕ್ಕೆ ಬ್ಯಾಂಡೇಜ್ ಸುತ್ತಿತ್ತು. ನಾಯಕ ನಾಗಾ ನಾಡಿನ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವ್. ಮೊದಲ ಅರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎರಡನೇ ಅರ್ಧದಲ್ಲಿ, 70ನೇ ನಿಮಿಷದಲ್ಲಿ, ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಕೊನೆಗೆ ಪಂದ್ಯ ಮುಗಿಯಲು ಒಂದು ನಿಮಿಷ ಇದೆ ಅನ್ನುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಲ್ಲಿ ಗೆದ್ದಿತು.

ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತ್ತು. ಎರಡೂ ಗೋಲಾಗಲಿಲ್ಲ.

ಈಗ ನಮ್ಮ ಚೀಟಿ ತೆಗೆಯಿರಿ. ಎರಡು ಪೆನಾಲ್ಟಿ ಅಂದರೆ ಒಂದೂವರೆ ಗೋಲಿನ ಕೆಲಸ. ಅದರ ಮೇಲೆ ರಾಮನ್ ಹೊಡೆದದ್ದು. ಅಂದರೆ ಆ ದಿನ ಬರಿಗಾಲಿನ ಆ ಐದು ಫಾರ್ವರ್ಡ್‌ಗಳು ಗೆಲ್ಲುವಷ್ಟು ದಾಳಿ ಮಾಡಿದ್ದರು. ಪೆನಾಲ್ಟಿ ಆಕಾಶದಿಂದ ಬೀಳುವುದಿಲ್ಲ. ನೀವು ಚೆಂಡು ಹಿಡಿದು ಬಾಕ್ಸಿನೊಳಗೆ ನುಗ್ಗಿ, ಎದುರಾಳಿಗೆ ತಪ್ಪು ಮಾಡದೇ ಬೇರೆ ದಾರಿ ಇಲ್ಲ ಅನ್ನುವ ಸ್ಥಿತಿ ತಂದಾಗ ಸಾಮಾನ್ಯವಾಗಿ ಅದು ಬರುತ್ತದೆ. ಎರಡು ಸಲ ಫ್ರೆಂಚರನ್ನು ಆ ಸ್ಥಿತಿಗೆ ತಂದಿದ್ದಾರೆ. ಪೆನಾಲ್ಟಿ ಹೊಡೆಯುವುದು ಬೇರೆ ವಿದ್ಯೆ. ಚರ್ಮದ ಚೆಂಡಿಗೆ ಬರಿಗಾಲಿನಿಂದ ಹೊಡೆಯುವುದು ಎಂಥದ್ದು ಅಂತ ಲೆಕ್ಕದ ಚೀಟಿ ಹೇಳುವುದಿಲ್ಲ, ಅದೂ ನೆನಪಿರಲಿ. ಸಂಖ್ಯೆಗಳನ್ನು ಹೊಡೆದವನ ಪಾದದ ಮೇಲೆ ಕಣ್ಣಿಟ್ಟೇ ಓದಬೇಕು.

ಇದನ್ನು ನಾಲ್ಕು ವರ್ಷದ ನಂತರದ ಪಂದ್ಯದ ಪಕ್ಕದಲ್ಲಿಡಿ. 1952, ಹೆಲ್ಸಿಂಕಿ, ಯುಗೊಸ್ಲಾವಿಯಾ ವಿರುದ್ಧ 1–10. ಆ ಒಂದು ಗೋಲು ಹೊಡೆದದ್ದು ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಐವರು ಫಾರ್ವರ್ಡ್‌ಗಳನ್ನು ಜನ 'ಪಂಚ ಪಾಂಡವರು' ಅಂತ ಕರೆಯುತ್ತಿದ್ದರಲ್ಲ, ಅವರಲ್ಲೊಬ್ಬರು. ಚೆಂಡು ಕಾಲಿಗೆ ಸಿಕ್ಕರೆ ಹಾವಾಡಿಗನ ಹಾಗೆ ಆಡಿಸುತ್ತಾರೆ ಅನ್ನುವ ಹೆಸರು. 1948ರಲ್ಲೂ ಒಂದು ಗೋಲು, 1952ರಲ್ಲೂ ಒಂದು ಗೋಲು. ಗೋಲು ಮಾತ್ರ ಎಣಿಸುವವನಿಗೆ ಎರಡೂ ದಿನದ ದಾಳಿ ಒಂದೇ. ಯಾರಾದರೂ ಹಾಗೆ ಅನ್ನುತ್ತೀರಾ? ನಮ್ಮ ಊರಿನ ಇಬ್ಬರು ಹುಡುಗರು ಭಾರತದ ಮೊದಲ ಎರಡು ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದಿದ್ದಾರೆ ಅನ್ನುವುದು ಇಲ್ಲಿರುವ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಸಂತೋಷ. ರಾಮನ್ ಮತ್ತು ಅಹ್ಮದ್ ಖಾನ್ ಹೆಸರನ್ನೂ ನಮ್ಮ ಮೈದಾನಗಳು ಹೇಳಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಇನ್ನು ಬೆಂಗಳೂರು ಎಫ್‌ಸಿ ಸೋತ ಇತ್ತೀಚಿನ ಎರಡು ಐಎಸ್‌ಎಲ್ ಫೈನಲ್‌ಗಳು. 2023ರ ಮಾರ್ಚ್ 18, ಗೋವಾದ ಫತೋರ್ಡಾ, ಎಟಿಕೆ ಮೋಹನ್ ಬಾಗನ್ ವಿರುದ್ಧ 2–2, ಪೆನಾಲ್ಟಿ ಶೂಟೌಟ್‌ನಲ್ಲಿ 3–4. ನಾಲ್ಕು ಗೋಲಿನಲ್ಲಿ ಮೂರು ಪೆನಾಲ್ಟಿ, ಉಳಿದದ್ದು 78ನೇ ನಿಮಿಷದ ರಾಯ್ ಕೃಷ್ಣ ಹೆಡರ್. ಏಳು ನಿಮಿಷ ಮುಂದಿದ್ದೆವು, ಆಮೇಲೆ ಪೆನಾಲ್ಟಿ ಕೊಟ್ಟೆವು. ಶೂಟೌಟ್‌ನಲ್ಲಿ ಸೋತದ್ದನ್ನು ದಾಳಿಯ ಖಾತೆಗೆ ಬರೆಯಬೇಡಿ. ಅದು ಬೇರೆ ಪುಟ.

2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್. ಹೆಚ್ಚುವರಿ ಸಮಯದಲ್ಲಿ 1–2. ಬೆಂಗಳೂರು ಪರ ಬಂದದ್ದು ಉಡುಗೊರೆ ಗೋಲು, ಅಂದರೆ ಎದುರಾಳಿ ತನ್ನ ಬಲೆಗೇ ಹಾಕಿಕೊಂಡದ್ದು. ದಾಖಲೆಯಲ್ಲಿ ಗೋಲಿನ ಮುಂದೆ ಮೋಹನ್ ಬಾಗನ್ ಡಿಫೆಂಡರ್ ಆಲ್ಬರ್ಟೊ ರಾಡ್ರಿಗಸ್ ಹೆಸರಿದೆ. ಮರುದಿನ ನನಗೆ ಒಬ್ಬರು, 'ಫೈನಲ್‌ನಲ್ಲಿ ನಮ್ಮವರು ಒಂದೂ ಗೋಲು ಹೊಡೆಯಲಿಲ್ಲ' ಅಂದರು. ನಾನು ಒಪ್ಪಲಿಲ್ಲ. 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಆ ಕ್ರಾಸ್ ಅನ್ನು ಅಪಾಯದ ಜಾಗಕ್ಕೆ ಕಳಿಸದಿದ್ದರೆ ಆ ಡಿಫೆಂಡರ್ ಚೆಂಡು ಮುಟ್ಟುವ ಅಗತ್ಯವೇ ಬರುತ್ತಿರಲಿಲ್ಲ. ಮುಟ್ಟದಿದ್ದರೂ ಕಷ್ಟ, ಮುಟ್ಟಿದರೂ ಕಷ್ಟ ಅನ್ನುವಂಥ ಚೆಂಡು. ಅಂಥ ಉಡುಗೊರೆಯನ್ನು ಸಂಪಾದಿಸಬೇಕಾಗುತ್ತದೆ. ಅದೂ ಸ್ಕೋರ್ 0–0 ಇದ್ದಾಗ, ಎದುರಾಳಿಯ ಊರಿನಲ್ಲಿ, ಲೀಗ್ ಗೆದ್ದ ತಂಡದ ಎದುರು. ನನ್ನ ತಕ್ಕಡಿಯಲ್ಲಿ ಅದು 2018ರ ಕೊನೆಯ ನಿಮಿಷದ ಗೋಲಿಗಿಂತ ಭಾರ. ಆಮೇಲೆ 23 ನಿಮಿಷ ಮುಂದಿದ್ದೆವು. ಆ 23 ನಿಮಿಷದಲ್ಲಿ ಎರಡನೇ ಗೋಲಿಗೆ ಎಷ್ಟು ಸಲ ನುಗ್ಗಿದೆವು ಅನ್ನುವುದನ್ನು ನೀವೇ ಮನೆಯಲ್ಲಿ ಕೂತು ನೋಡಿ. ಸೋಲಿನ ಬೀಜ ಅಲ್ಲಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ದೊಡ್ಡ ಪಂದ್ಯಗಳ ಮಾತು ಸಾಕು. ನಮ್ಮ ಮೈದಾನಕ್ಕೆ ಬರೋಣ. ಇದು ಕೆಲವು ವರ್ಷದ ಹಿಂದಿನ ಮಾತು. ಆಸ್ಟಿನ್ ಟೌನ್‌ನಲ್ಲಿ 15 ವರ್ಷದೊಳಗಿನ ನನ್ನ ಹುಡುಗರು 1–2ರಲ್ಲಿ ಸೋತರು. ಸ್ಟ್ರೈಕರ್ ಹುಡುಗ ಬೂಟು ಬಿಚ್ಚದೆ, ಒಂದು ಕಾಲಿನ ಲೇಸ್ ಬೆರಳಿಗೆ ಸುತ್ತಿಕೊಳ್ಳುತ್ತ ಗೋಡೆಯ ನೆರಳಿನಲ್ಲಿ ಕೂತಿದ್ದ. ಮೊಣಕಾಲಿನ ಮೇಲೆ ಕೆಂಪು ಮಣ್ಣು ಒಣಗಿ ಬಿರಿದಿತ್ತು. ಬೇಲಿಯ ಹತ್ತಿರ ನಿಂತಿದ್ದ ದೊಡ್ಡವರು ಅವನಿಗೆ ಕೇಳಿಸುವ ಹಾಗೆಯೇ, 'ಅಷ್ಟೊಂದು ಅವಕಾಶ ಹಾಳು ಮಾಡಿದ' ಅನ್ನುತ್ತಿದ್ದರು. ಕೊನೆಯ ಹತ್ತು ನಿಮಿಷದಲ್ಲಿ ಅವನು ನಾಲ್ಕು ಸಲ ಗೋಲಿನ ಹೊರಗೆ ಹೊಡೆದದ್ದು ನಿಜ.

ನನ್ನ ಹತ್ತಿರ ಒಂದು ಹಾಳೆ ಇತ್ತು. ಮೈದಾನದ ಚಿತ್ರ ಬರೆದು, ನಮ್ಮ ಪ್ರತಿಯೊಂದು ಹೊಡೆತಕ್ಕೂ ಪೆನ್ಸಿಲಿನಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ನಿಮಿಷ, ಆಗಿನ ಸ್ಕೋರ್. ಅವನ ಪಕ್ಕ ನೆಲದ ಮೇಲೆ ಕೂತು ಇಬ್ಬರೂ ನೋಡಿದೆವು. ಸ್ಕೋರ್ ಸಮ ಇದ್ದಷ್ಟು ಹೊತ್ತು ಬಾಕ್ಸಿನೊಳಗೆ ಅವನ ಕಾಲಿಗೆ ಚೆಂಡು ಬಂದದ್ದು ಎರಡೇ ಸಲ. ಅದರಲ್ಲಿ ಒಂದು ಗೋಲಾಗಿತ್ತು. ಕೊನೆಯ ನಾಲ್ಕೂ ಚುಕ್ಕೆಗಳು ಬಾಕ್ಸಿನ ಗೆರೆಯ ಆಚೆ, ಎದುರು ಐದಾರು ಕಾಲುಗಳ ನಡುವಿನಿಂದ ಹೊಡೆದವು. ಹುಡುಗ ಬಹಳ ಹೊತ್ತು ಹಾಳೆಯನ್ನೇ ನೋಡಿದ. ಆಮೇಲೆ ಬೆರಳಿಟ್ಟು, 'ಸರ್, ಇಲ್ಲಿ ಯಾರೂ ಇಲ್ಲವಲ್ಲ' ಅಂದ. ಅವನು ತೋರಿಸಿದ್ದು ಎಡಗಡೆಯ ಪಟ್ಟಿ. ನಿಜ, ಒಂದು ಚುಕ್ಕೆಯೂ ಇರಲಿಲ್ಲ. ಇಡೀ ಪಂದ್ಯ ಬಲಗಡೆಯಿಂದಲೇ ಹೋಗಿದ್ದೆವು. ಮುಂದಿನ ಎರಡು ವಾರ ಎಡಗಡೆಯಿಂದ ಚೆಂಡು ತರುವುದನ್ನೇ ಅಭ್ಯಾಸ ಮಾಡಿಸಿದೆ. ಅವನಿಗೆ ಹೊಡೆಯುವ ಅಭ್ಯಾಸ ಹೆಚ್ಚಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ, ಅವನ ಮನಸ್ಸು ಮಾತ್ರ ಮುರಿಯುತ್ತಿತ್ತು.

ಅಪ್ಪ ಅಮ್ಮಂದಿರಿಗೆ ಒಂದು ಬೇಡಿಕೆ. ಪಂದ್ಯ ಸೋತ ದಿನ ಸಂಜೆ ಮಗನಿಗೋ ಮಗಳಿಗೋ 'ಆ ಗೋಲು ಯಾಕೆ ತಪ್ಪಿಸಿದೆ?' ಅಂತ ಕೇಳಬೇಡಿ. 'ಇವತ್ತು ಬಾಕ್ಸಿನೊಳಗೆ ನಿನಗೆ ಎಷ್ಟು ಸಲ ಚೆಂಡು ಸಿಕ್ಕಿತು?' ಅಂತ ಕೇಳಿ. ಅವರೇ ಪಂದ್ಯವನ್ನು ನಿಮಗೆ ಬಿಡಿಸಿ ಹೇಳುತ್ತಾರೆ.

ಗೆದ್ದಾಗಲೂ ಇದೇ ಹಾಳೆ ಬೇಕು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ ನಮ್ಮ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಸ್ಕೋರ್ 3–2. ಐದು ವರ್ಷದ ಹಿಂದೆ ಕಂಠೀರವದಲ್ಲಿ ನಮ್ಮನ್ನು ಅಳುವಂತೆ ಮಾಡಿದ ಅದೇ ಅಂಕಿ, ಈ ಸಲ ನಮ್ಮ ಕಡೆಗೆ. ಆ ಖುಷಿಯಲ್ಲಿ ಯಾರೂ ಹಾಳೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಒಂದು ವಾರದ ಮೇಲೆ ತೆಗೆದೆ.

ಸರಿ, ಈಗ ಆ 28 ನಿಮಿಷ. ನನ್ನ ಅಭಿಪ್ರಾಯ ಹೇಳಿ ನಿಮ್ಮ ಕಣ್ಣನ್ನು ಕಟ್ಟುವುದಿಲ್ಲ. ನಿಮ್ಮ ಕುರ್ಚಿಯ ಕೆಳಗೆ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಇದೆ. ಮೈದಾನದ ಚಿತ್ರ ಅದರಲ್ಲಿ ಬರೆದಿದೆ. ಬೆಂಗಳೂರು ಚೆಂಡು ಹಿಡಿದು ಬಾಕ್ಸಿನೊಳಗೆ ಹೋದಾಗ ಒಂದು ಗೆರೆ, ಹೊಡೆದಾಗ ಒಂದು ಚುಕ್ಕೆ. ಯಾರ ಕಾಲಿನಿಂದ ಅನ್ನುವುದು ಮುಖ್ಯವಲ್ಲ, ಯಾವ ಕಡೆಯಿಂದ ಅನ್ನುವುದು ಮುಖ್ಯ. ಎಡ, ನಡು, ಬಲ. ದೀಪ ಆರಿಸುತ್ತಾರೆ, ಪರದೆಯ ಮೇಲೆ ಆ ಪಂದ್ಯ ಬರುತ್ತದೆ. 17ನೇ ನಿಮಿಷ, ಸ್ಕೋರ್ 1–1, ಸೆಂಟರ್‌ನಿಂದ ಚೆಂಡು ನಮ್ಮದು.